ಅಪ್ಪಯ್ಯನ ಗೆರಟೆ ಸಾಬೂನು

ಮೊನ್ನೆ ಕೊಕ್ಕರ್ಣೆಯ ಕಡೆಯ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ನನ್ನ ಮಿಮಿಕ್ರಿ ಇತ್ತು. ಅದು ಮುಗಿದ ಮೇಲೆ ಮುಖದ ಬಣ್ಣ ತೊಳೆಯೋಣವೆಂದು ಚೀಲದಿಂದ ಸಾಬೂನು ತೆಗೆದು ಬೆಂಚಿನ ಮೇಲಿಟ್ಟು ನೀರು ಹುಡುಕಿಕೊಂಡು ಹೋದೆ. ಬರುವಷ್ಟರಲ್ಲಿ ನಮ್ಮ ತಂಡದ ತಬಲಾದವನು ಅದನ್ನು ಕಚ್ಚಿದ್ದ.

ಪಾಪ, ಅವನ ತಪ್ಪೇನೂ ಇಲ್ಲ. ಸಾಬೂನು ಅಂದರೆ ಚೌಕವಾಗಿರಬೇಕು, ಮೇಲೊಂದು ಹೆಸರು ಕೆತ್ತಿರಬೇಕು, ಗುಲಾಬಿಯೋ ಗಂಧವೋ ಏನೋ ಒಂದು ವಾಸನೆ ಬರಬೇಕು. ನನ್ನದು ಬೆಳ್ಳಗೆ, ಉರುಟಾಗಿ, ತೆಂಗಿನಕಾಯಿಯ ಅರ್ಧ ಹೋಳಿನ ಹಾಗೆ ಕೂತಿತ್ತು. ಹಸಿದವನ ಕಣ್ಣಿಗೆ ಅದು ಕೊಬ್ಬರಿಯಾಗದೆ ಇನ್ನೇನಾದೀತು?

“ಥೂ! ಎಂತ ಸಾವ್ ಮಾರಾಯ ಇದ್! ಕೊಬ್ರಿ ಹಾಳಾಯಿತ್ತ್!” ಎಂದು ಬಾಯಿತುಂಬ ನೊರೆ ಬಿಡುತ್ತಾ ಅವನು ಕುಣಿದ ಕುಣಿತಕ್ಕೆ ಮಕ್ಕಳಿಂದ ಬಿದ್ದ ಚಪ್ಪಾಳೆ, ನಾನು ಅಷ್ಟು ಹೊತ್ತು ಗಂಟಲು ಹರಿದುಕೊಂಡದ್ದಕ್ಕೂ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಾಯಿತು. ಆದರೂ ಬಾಯಿ ಮುಕ್ಕಳಿಸಲು ಚೊಂಬಿನಲ್ಲಿ ನೀರು ಕೊಟ್ಟು, ಅವನ ಹಲ್ಲಿನ ಗುರುತು ಬಿದ್ದ ಸಾಬೂನನ್ನು ಒರೆಸಿ ಒಳಗಿಟ್ಟೆ. ಬೇರೆಯವರ ಎಂಜಲಾದರೂ ಅದನ್ನು ಎಸೆಯುವ ಹಾಗಿಲ್ಲ. ಅದು ಅಪ್ಪಯ್ಯ ಮಾಡಿದ ಸಾಬೂನು.

ನಮ್ಮ ಮನೆ ಕುಂದಾಪುರದ ಕೋಡಿಯಲ್ಲಿ. ಅಪ್ಪಯ್ಯ ಬೋಟಿಗೆ ಹೋಗುವವರು, ಅಬ್ಬಿ ಎಂದರೆ ನಮ್ಮಮ್ಮ ಮೀನು ಮಾರುವವಳು, ನಾನು ಇಬ್ಬರನ್ನೂ ಅಣಕಿಸುವವನು. ನನ್ನ ಮೊದಲ ಮಿಮಿಕ್ರಿಯೇ ಅಬ್ಬಿಯದು. ಚಿಕ್ಕವನಿದ್ದಾಗ ರಜೆಯ ದಿನ ಅವಳಿಗಿಂತ ಮುಂದೆ ಓಡಿಹೋಗಿ ಪೇಟೆಯ ಓಣಿಯಲ್ಲಿ ನಿಂತು, “ಬಂಗ್ಡಿ ಇತ್ತ್, ಬೈಗೆ ಇತ್ತ್, ಬನಿ ಅಮ್ಮಾ!” ಎಂದು ಅವಳ ದನಿಯಲ್ಲೇ ಕೂಗುತ್ತಿದ್ದೆ. ಹೆಂಗಸರು ತಟ್ಟೆ ಹಿಡಿದು ಹೊರಗೆ ಬಂದರೆ ಮೀನೂ ಇಲ್ಲ, ಮೀನಿನವಳೂ ಇಲ್ಲ, ಚಡ್ಡಿ ಹಾಕಿದ ನಾನೊಬ್ಬ. ಹಿಂದಿನಿಂದ ನಿಜವಾದ ಅಬ್ಬಿ ಬುಟ್ಟಿ ಹೊತ್ತು ಬಂದು, “ನಿನ್ ಬಾಯಿಗೆ ಗಾಳ ಹಾಕ್ತೆ ಕಾಣ್!” ಎಂದು ಬೈಯುತ್ತಿದ್ದಳು. ಆದರೆ ಬಾಗಿಲಿಗೆ ಬಂದವರು ಸುಮ್ಮನೆ ಒಳಗೆ ಹೋಗುವುದುಂಟೇ? ವ್ಯಾಪಾರ ಆಗುತ್ತಿತ್ತು. ಹಾಗಾಗಿ ಬೈಗುಳದಲ್ಲಿ ಉಪ್ಪು ಖಾರ ಸ್ವಲ್ಪ ಕಡಿಮೆಯೇ ಇರುತ್ತಿತ್ತು.

ಅಬ್ಬಿಯ ದನಿ ಬಂತು, ನಡಿಗೆ ಬಂತು, ಸೊಂಟಕ್ಕೆ ಕೈಕೊಟ್ಟು ನಿಲ್ಲುವ ಭಂಗಿಯೂ ಬಂತು. ಕೈ ಮಾತ್ರ ಬರಲಿಲ್ಲ. ಐಸಿನೊಳಗಿಂದ ಮೀನು ಬಗೆದು ಬಗೆದು, ಉಪ್ಪುನೀರಿನಲ್ಲಿ ನೆನೆದು, ಮುಳ್ಳು ಚುಚ್ಚಿಸಿಕೊಂಡು, ಸಂಜೆ ವಾಸನೆ ಹೋಗಲೆಂದು ಬಟ್ಟೆ ಒಗೆಯುವ ಬಾರ್ ಸೋಪಿನಲ್ಲಿ ತಿಕ್ಕಿ ತಿಕ್ಕಿ ಅವಳ ಅಂಗೈ ಬಿರಿದು ಹೋಗಿತ್ತು. ಸಣ್ಣವನಿದ್ದಾಗ ಅವಳು ಬೆನ್ನು ಸವರಿದರೆ ತುರಿಕೆ ಮಾಯವಾಗುತ್ತಿತ್ತು. “ಅಬ್ಬೀ, ನಿನ್ ಕೈ ಒಂದ್ ಇದ್ರೆ ಕಾಯಿ ತುರುಕೆ ಹೆರಮಣಿ ಬ್ಯಾಡ” ಎಂದು ನಾನು ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು. ಆ ಕೈ ಅವಳಿಗೊಂದು ಚಿಂತೆಯಾಗುತ್ತದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಸುಮತಿ ಅಕ್ಕನ ಸೀಮಂತದ ದಿನ.

ಅಕ್ಕನನ್ನು ಗುಲ್ವಾಡಿಗೆ ಕೊಟ್ಟಿತ್ತು. ಅಲ್ಲಿ ಸೀಮಂತ ಮುಗಿಸಿ ಚೊಚ್ಚಲ ಬಾಣಂತನಕ್ಕೆಂದು ಕೋಡಿಗೆ ಕರೆದುಕೊಂಡು ಬರಲು ನಾವೆಲ್ಲ ಹೋಗಿದ್ದೆವು. ನಾನಾಗ ಕಾಲೇಜಿನ ಕೊನೆಯ ವರ್ಷ. ಅಕ್ಕ ಹಸಿರು ರೇಷ್ಮೆ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ನೆರಿಗೆ ಸರಿಯಿಲ್ಲವೆಂದು ಅಬ್ಬಿ ಬಗ್ಗಿ ಅಂಗೈಯಿಂದ ಸೀರೆಯನ್ನು ನೀವಿದಳು. ‘ಚರ್ರ್’ ಎಂದಿತು. ಕೈಯ ಬಿರುಕಿಗೆ ರೇಷ್ಮೆಯ ಎಳೆಗಳು ಸಿಕ್ಕಿಹಾಕಿಕೊಂಡಿದ್ದವು. ಎಳೆದರೆ ಸೀರೆ ಬರುತ್ತದೆ, ಬಿಟ್ಟರೆ ಕೈ ಬರುವುದಿಲ್ಲ. ಸುತ್ತ ನಿಂತ ಹೆಂಗಸರು ನಕ್ಕರು. ನಾನಂತೂ ಅಲ್ಲೇ ಬಾಯಿಂದ ‘ಚರ್ರ್’ ಮಾಡಿ ತೋರಿಸಿ ಇನ್ನಷ್ಟು ನಗಿಸಿದೆ.

ಅಬ್ಬಿ ಎಳೆಗಳನ್ನು ಒಂದೊಂದಾಗಿ ಬಿಡಿಸಿ ಕೈಯನ್ನು ಸೆರಗಿನೊಳಗೆ ಸೇರಿಸಿದಳು. ವಾಪಸು ಬರುವಾಗ ರಿಕ್ಷಾದಲ್ಲಿ ಮೆಲ್ಲಗೆ ಹೇಳಿದಳು:

“ಸೀರಿಯೇ ಹೀಂಗ್ ಹಿಡ್ಕಂತ್ ಅಂದ್ರೆ, ಹುಟ್ಟಿದ್ ಮಗಿನ್ ಮೈ ಎಂತ ಆತ್ತ್? ಮಗಿನ ನಾ ಮೀಸುದಿಲ್ಲೆ. ಬಾಗಿಗ್ ಹೇಳ್ತೆ.”

ಮೀಸುವುದು ಎಂದರೆ ಸ್ನಾನ ಮಾಡಿಸುವುದು. ಬಾಗಿ ಎಂದರೆ ನಮ್ಮ ನೆರೆಮನೆಯ ಬಾಗಿಯಕ್ಕ. ಕೋಡಿಯ ಅರ್ಧ ಮಕ್ಕಳನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕಿ ಮೀಸಿದವರು. ಆದರೆ ನಮ್ಮಲ್ಲಿ ಮಗಳ ಮೊದಲ ಮಗುವಿನ ಮೊದಲ ಸ್ನಾನ ಅಜ್ಜಿಯದೇ ಹಕ್ಕು. ಅಬ್ಬಿ ಅದಕ್ಕೆಂದು ಹೊಸ ತಾಮ್ರದ ಚೊಂಬನ್ನೂ ತಂದಿಟ್ಟಿದ್ದಳು.

“ಎಂತ ಅಬ್ಬೀ ನೀನ್! ನಿನ್ ಕೈಯಗೇ ಅಲ್ದಾ ನಾವ್ ಇಬ್ರೂ ಬೆಳ್ದದ್?” ಎಂದಳು ಅಕ್ಕ.

“ಆಗಿನ್ ಕೈ ಬೇರೆ, ಈಗಿನ್ ಕೈ ಬೇರೆ.”

ಮುಂದಿನ ಸೀಟಿನಲ್ಲಿದ್ದ ಅಪ್ಪಯ್ಯ ದಾರಿಯುದ್ದಕ್ಕೂ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು, ಅಲ್ಲೇನೋ ಬರೆದಿದೆ ಎಂಬಂತೆ.

ಮಳೆಗಾಲ ಹಿಡಿಯಿತು. ಬೋಟುಗಳು ದಡ ಸೇರಿದವು. ಮೀನುಗಾರಿಕೆಗೆ ರಜೆ ಬಿದ್ದರೆ ಗಂಡಸರು ಬಲೆ ನೇಯುತ್ತಾ, ಇಸ್ಪೀಟು ಆಡುತ್ತಾ, ಮಳೆಯನ್ನು ಬೈಯುತ್ತಾ ಕೂರುವುದು ವಾಡಿಕೆ. ಆಗಲೇ ಮಹಿಳಾ ಸಂಘದಿಂದ ಅಬ್ಬಿಗೆ ಕರೆ ಬಂತು, ಪೇಟೆಯಲ್ಲಿ ಮನೆಯಲ್ಲೇ ಸಾಬೂನು ಮಾಡುವ ತರಬೇತಿ ಇದೆಯೆಂದು. ಅಬ್ಬಿ, “ನಂಗ್ ಪುರ್ಸೊತ್ತಿಲ್ಲೆ, ಒಣಮೀನ್ ಮಾರುಕಿತ್ತ್” ಎಂದು ಕೈಯಲ್ಲಾಡಿಸಿಬಿಟ್ಟಳು.

ಬಲೆ ನೇಯುತ್ತಿದ್ದ ಅಪ್ಪಯ್ಯ ತಲೆ ಎತ್ತದೆ ಹೇಳಿದರು: “ನಾ ಹೋತೆ.”

ಜಗಲಿಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದವರು ಬೋಟಿನ ಜೊತೆಗಾರ ಸುಬ್ಬ ಮಾವ. “ಏ ಶೀನಾ, ಹೆಂಗ್ಸ್ರ್ ಸಂಘಕ್ಕಾ? ಹೋಪತಿಗೆ ಹೂ ಮುಡ್ಕಂಡ್ ಹೋಗ್ ಮಾರಾಯ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪಯ್ಯ ಕೊಡೆ ಹಿಡಿದು ಹೊರಟೇಬಿಟ್ಟರು. ಇಂಥ ನಾಟಕ ತಪ್ಪಿಸಿಕೊಳ್ಳುವವನು ನಾನಲ್ಲ. ಬೈಕಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು, ಹೊರಗೆ ಕಿಟಕಿಗೆ ಅಂಟಿಕೊಂಡು ನಿಂತೆ.

ಒಳಗೆ ಸಾಲಾಗಿ ಹೆಂಗಸರು. ಕೊನೆಯ ಸಾಲಿನಲ್ಲಿ ಮೀಸೆ ಹೊತ್ತ ನನ್ನ ಅಪ್ಪಯ್ಯ, ಕೊಡೆಯನ್ನು ತೊಡೆಗಳ ನಡುವೆ ಇಟ್ಟುಕೊಂಡು. ಕಲಿಸಲು ಬಂದ ಮೇಡಂ ಘಟ್ಟದ ಮೇಲಿನವರು. “ಗಿರಿಜಮ್ಮ?” ಎಂದು ಅಬ್ಬಿಯ ಹೆಸರು ಕರೆದರು. ಅಪ್ಪಯ್ಯ ಶಾಲೆಯ ಮಕ್ಕಳ ಹಾಗೆ ಎದ್ದು ನಿಂತು, “ಹಾಜ್ರ್!” ಎಂದರು. ಇಡೀ ಕೋಣೆ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. “ಕೂತ್ಕೊಳ್ಳಿ ಗಿರಿಜಮ್ಮ” ಎಂದು ಗಂಭೀರವಾಗಿ ಹೇಳಿ ಪಾಠ ಶುರು ಮಾಡಿದರು. ಆ ಒಂದು ಮಾತಿಗಾಗಿ ಆ ತಾಯಿಗೆ ನನ್ನದೊಂದು ನಮಸ್ಕಾರ. ಅವರೂ ನಕ್ಕಿದ್ದರೆ ಅಪ್ಪಯ್ಯ ಕೊಡೆ ಬಿಡಿಸಿಕೊಂಡು ಮನೆಗೆ ಬರುತ್ತಿದ್ದರು, ಈ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

ತೆಂಗಿನೆಣ್ಣೆ ಇಷ್ಟು, ಕಾಸ್ಟಿಕ್ ಸೋಡ ಇಷ್ಟು, ನೀರು ಇಷ್ಟು. ಸೋಡವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಕ್ಕೆ ಹೊಯ್ಯಬಾರದು. ಕೈಗೆ ಗವಸು, ಮುಖಕ್ಕೆ ಬಟ್ಟೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲೇಬಾರದು. ಅಚ್ಚಿಗೆ ಹೊಯ್ದು ಗಟ್ಟಿಯಾದ ಮೇಲೆ ಒಂದು ತಿಂಗಳಿಗೂ ಹೆಚ್ಚು ಗಾಳಿಯಾಡುವಲ್ಲಿ ಹಾಗೇ ಇಡಬೇಕು. ಇಷ್ಟು ಹೇಳುವಾಗ ಅಪ್ಪಯ್ಯ ಕೈ ಎತ್ತಿದರು.

“ಅಷ್ಟ್ ದಿನ ಇಟ್ರೆ ಹಾಳಾತಿಲ್ಯಾ ಮೇಡಂ?”

“ಹಾಳಾಗಲ್ಲ, ಹದ ಆಗುತ್ತೆ. ಇದೇನು ಮೀನಾ?”

ಅಪ್ಪಯ್ಯ ಕೂತರು, ಆದರೆ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ ಹೇಳಿ? ಹುಟ್ಟಿದಾಗಿನಿಂದ ‘ತಾಜಾ ತಾಜಾ’ ಎಂದು ಕೇಳಿ ಬೆಳೆದ ಕಿವಿ ಅದು. ಬೆಳಿಗ್ಗೆ ಹಿಡಿದದ್ದಕ್ಕೆ ಮಧ್ಯಾಹ್ನಕ್ಕೆ ಮರ್ಯಾದೆ ಕಡಿಮೆ, ಸಂಜೆಗೆ ಬೆಕ್ಕೂ ಮೂಸುವುದಿಲ್ಲ. ಇಟ್ಟಷ್ಟೂ ಒಳ್ಳೆಯದಾಗುವ ವಸ್ತು ಲೋಕದಲ್ಲಿದೆ ಎಂದು ನಮ್ಮ ಜಾತಿಯವರಿಗೆ ಹೇಳಿದರೆ, ಹೇಳಿದವರು ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನಾವು ತಿಳಿಯುವುದು. “ಎಂತದೇ ಆಯ್ಲಿ, ತಾಜಾ ಇಪ್ಪತಿಗೇ ಗುಣ ಜಾಸ್ತಿ” ಎಂದು ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ನನಗೇ ಪಾಠ ಮಾಡಿದರು.

ಮಾರನೆಯ ದಿನ ಜಗಲಿಯಲ್ಲಿ ಕಾರ್ಖಾನೆ ತೆರೆಯಿತು. ಬೋಟಿಗೆ ಬಣ್ಣ ಬಳಿದು ಉಳಿದ ಪ್ಲಾಸ್ಟಿಕ್ ಬಕೆಟ್ಟು, ಕಲಕಲು ಮುರಿದ ಹುಟ್ಟಿನ ತುಂಡು, ಮುಖಕ್ಕೆ ಬಿಗಿದ ಬೈರಾಸು ಟವೆಲು. ಬ್ಯಾಂಕು ದೋಚಲು ಹೊರಟವರ ಹಾಗೆ ಕಾಣುತ್ತಿದ್ದರು. ದೋಣಿ ನಡೆಸುವ ಲಯದಲ್ಲೇ ಕಲಕತೊಡಗಿದರು. ನಾನು ಪಕ್ಕದಲ್ಲಿ ಕೂತು ರೇಡಿಯೋದವರ ದನಿಯಲ್ಲಿ ವೀಕ್ಷಕ ವಿವರಣೆ ಕೊಟ್ಟೆ. ಸುಬ್ಬ ಮಾವ, “ತೆಂಗಿನೆಣ್ಣಿ ಎಂತಕಾ? ಬೋಟಿಗ್ ಹಚ್ಚು ಬೈಗೆ ಮೀನೆಣ್ಣಿ ಹಾಕ್. ಮಿಂದ್ಕಂಡ್ ಹೋಪತಿಗೆ ಊರ್ ಬೆಕ್ಕೆಲ್ಲಾ ಹಿಂದೆ ಬತ್ತೊ!” ಎಂದು ಸಲಹೆ ಕೊಟ್ಟರು. ಅಪ್ಪಯ್ಯ ಹುಟ್ಟು ನಿಲ್ಲಿಸಲಿಲ್ಲ. ಕಲಕುತ್ತಾ ಕಲಕುತ್ತಾ ಅದು ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಮಾತ್ರ, “ಕಾಣ್, ಬಂತ್!” ಎಂದು ಬಲೆಗೆ ದೊಡ್ಡ ಮೀನು ಬಿದ್ದವರ ಹಾಗೆ ಹೇಳಿದರು.

ಅಚ್ಚು ತರಲು ಮರೆತಿದ್ದರು. ಅತ್ತ ಇತ್ತ ನೋಡಿ, ಒಲೆಗೆಂದು ಇಟ್ಟಿದ್ದ ತೆಂಗಿನ ಗೆರಟೆಗಳಿಗೇ ಸುರಿದರು. ಒಲೆಗೆ ಹೋಗಬೇಕಾದ ಆ ಚಿಪ್ಪುಗಳಿಗೂ ಒಂದು ಗೌರವ ಬಂತು.

ಗಟ್ಟಿಯಾದದ್ದೇ ತಡ, ಒಂದನ್ನು ಕಳಚಿ ಅಬ್ಬಿಯ ಕೈಗೆ ಕೊಟ್ಟರು. ಅಬ್ಬಿ ಒಣಮೀನು ಮಾರಿ ಬಂದವಳು ಬಾವಿಕಟ್ಟೆಯಲ್ಲಿ ಕೈಗೆ ತಿಕ್ಕಿಕೊಂಡಳು. ಆಮೇಲೆ ಕೇಳಿದ ಕೂಗಿಗೆ ಬಾಗಿಯಕ್ಕ ತಮ್ಮ ಮನೆಯಿಂದ ಓಡಿ ಬಂದರು.

“ಅಯ್ಯಯ್ಯೋ ಉರಿ! ಮೆಣ್ಸಿನ್ ಹುಡಿ ಹಾಕಿರ್ಯಾ ಎಂತ? ಹ್ವಾಯ್, ಇದ್ ಕೈ ತೊಳು ಸಾಬೂನಲ್ಲ, ಕಳ್ಳ್ರ್ ಹತ್ರ ತಪ್ಪ್ ಒಪ್ಸು ಸಾಬೂನ್. ಪೊಲೀಸ್ ಸ್ಟೇಷನಿಗ್ ಕೊಟ್ಬನಿ!”

ನಾನು ಮೇಡಂ ದನಿಯಲ್ಲಿ, “ಹದ ಆಯ್ತಾ ಗಿರಿಜಮ್ಮ?” ಎಂದೆ. ಅಬ್ಬಿ ನೊರೆಗೈಯಲ್ಲೇ ಅಟ್ಟಿಸಿಕೊಂಡು ಬಂದಳು.

ಅಪ್ಪಯ್ಯ ಸೋಲೊಪ್ಪಲಿಲ್ಲ. ಎರಡನೆಯ ಸಲ ಎಣ್ಣೆ ಧಾರಾಳವಾಗಿ ಸುರಿದರು. ಮೀನು ಸಾರಿಗಾದರೂ ಸಾಬೂನಿಗಾದರೂ ಎಣ್ಣೆಯಲ್ಲಿ ಜಿಪುಣತನ ಮಾಡಿದವರಲ್ಲ. ಗಟ್ಟಿಯಾದ ಕೂಡಲೇ ಮತ್ತೆ ಬಿಸಿಬಿಸಿ ತಾಜಾ ಸಾಬೂನು. ಮತ್ತೆ ಉರಿ. ಈ ಸಲ ಅಬ್ಬಿ ಬೈಯಲಿಲ್ಲ. ಕೈಯನ್ನು ತಣ್ಣೀರಿನಲ್ಲಿ ಮುಳುಗಿಸಿಕೊಂಡು, “ಸಾಕ್ ಬಿಡಿ. ಬಾಗಿ ಇದ್ಲಲೆ” ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಅಪ್ಪಯ್ಯ ಬಕೆಟ್ಟು ತೊಳೆದು ಕವುಚಿ ಹಾಕಿದರು. ಉಳಿದ ಗೆರಟೆ ಸಾಬೂನುಗಳನ್ನು ಎಸೆಯಲು ಮನಸ್ಸು ಬರಲಿಲ್ಲವೋ ಏನೋ, ಒಲೆಯ ಮೇಲಿನ ಅಟ್ಟದಲ್ಲಿ ಒಣಮೀನಿನ ಹೆಡಿಗೆಯ ಪಕ್ಕ ಇಟ್ಟರು. ಆಸಾಡಿಯ ಮಳೆಯಲ್ಲಿ ಕೋಡಿಯ ಮನೆಗಳಲ್ಲಿ ಒಣಗಿದ ಜಾಗವೆಂದರೆ ಅದೊಂದೇ. ಮತ್ತೆ ಬಲೆಯ ಮುಂದೆ ಕೂತರು. ಸುಬ್ಬ ಮಾವನಿಗೂ ತಮಾಷೆಗೆ ವಿಷಯವಿಲ್ಲದೆ ಬೇಜಾರಾಗಿ, “ಎಂತಾ ಶೀನಾ, ಸಾಬೂನ್ ಮಾಡ್ದಿಲ್ಯಾ?” ಎಂದು ನಿಜವಾಗಿಯೇ ಕೇಳಿದರು.

ಅಕ್ಕನಿಗೆ ದಿನ ತುಂಬುತ್ತಾ ಬಂತು. ಬಾಗಿಯಕ್ಕನಿಗೆ ಹೇಳಿ ಆಗಿತ್ತು. ತಾಮ್ರದ ಚೊಂಬು ಬೀರುವಿನ ಮೇಲೇ ಕೂತಿತ್ತು. ಅಬ್ಬಿ ಅದರ ಕಡೆ ನೋಡುತ್ತಿರಲಿಲ್ಲ.

ಸಾಬೂನು ಅಟ್ಟ ಸೇರಿ ತಿಂಗಳ ಮೇಲಾಗಿರಬೇಕು, ಮಳೆ ಸ್ವಲ್ಪ ಇಳಿದಿದ್ದ ಒಂದು ಮಧ್ಯಾಹ್ನ ಅಕ್ಕನಿಗೆ ಒಣ ಚಟ್ಲಿಯ ಚಟ್ನಿ ತಿನ್ನಬೇಕೆಂದು ಆಸೆಯಾಯಿತು. ಚಟ್ಲಿ ಎಂದರೆ ಸಿಗಡಿ. ಬಸುರಿ ಕೇಳಿದ ಮೇಲೆ ಮುಗಿಯಿತು. ಅಬ್ಬಿ ಸ್ಟೂಲು ಹತ್ತಿ ಹೆಡಿಗೆ ಇಳಿಸಿದಳು. ಚಟ್ನಿ ಅರೆದು ಮುಗಿಯುವಾಗ ಕೈಯೆಲ್ಲ ಸಿಗಡಿ, ಮೆಣಸು. ಬಾರ್ ಸೋಪು ಬಾವಿಕಟ್ಟೆಯಲ್ಲಿತ್ತು, ಹೊರಗೆ ಮತ್ತೆ ಮಳೆ. ಹೆಡಿಗೆಯ ಜೊತೆ ಕೆಳಗೆ ಬಂದಿದ್ದ ಗೆರಟೆ ಸಾಬೂನನ್ನು ಯೋಚನೆಯಿಲ್ಲದೆ ಎತ್ತಿಕೊಂಡು ಬಚ್ಚಲಿನಲ್ಲಿ ಕೈ ತೊಳೆದಳು. ತೊಳೆದು ನಿಂತಳು. ಮತ್ತೊಮ್ಮೆ ತೊಳೆದಳು.

“ಹ್ವಾಯ್, ಇಲ್ ಬನಿ ಕಾಂಬ.”

ಅಪ್ಪಯ್ಯ ಬಾಗಿಲಲ್ಲಿ ಬಂದು ನಿಂತರು. ಸಾಬೂನು ಕಂಡು ಮುಖ ಬಿಳುಚಿತು. “ಉರಿತಾ?”

“ಇಲ್ಲೆ.”

“ಒಂಚೂರೂ?”

“ಇಲ್ಲೆ ಅಂದೆ ಅಲ್ದಾ!” ಅಬ್ಬಿ ಕೈಯನ್ನು ಮೂಗಿಗೆ ಹಿಡಿದಳು, ಸಾಬೂನನ್ನು ತಿರುಗಿಸಿ ನೋಡಿದಳು, ಅಟ್ಟವನ್ನು ನೋಡಿದಳು. ಆಮೇಲೆ ನಿಧಾನಕ್ಕೆ ಅವಳ ಮುಖದಲ್ಲಿ ನಗು ಮೂಡಿತು. “ನೀವ್ ಇದ್ನ ಹಸಿಮೀನ್ ಅಂದೇಳಿ ಮಾರುಕ್ ಹೊರ್ಟಿರಿ. ಇದ್ ಒಣಮೀನ್ ಜಾತಿ ಮಾರಾಯ್ರೆ! ಒಣಗ್ದೆ ಬಾಯಿಗ್ ಹಾಕ್ರೆ ಆತ್ತಾ?”

ಮೇಡಂ ಒಂದು ತಿಂಗಳ ಲೆಕ್ಕದಲ್ಲಿ ಹೇಳಿದ್ದು ತಲೆಗೆ ಹತ್ತಿರಲಿಲ್ಲ. ಅಬ್ಬಿ ಒಣಮೀನಿನ ಭಾಷೆಯಲ್ಲಿ ಹೇಳಿದ್ದು ಒಂದೇ ಸಲಕ್ಕೆ ಇಳಿಯಿತು. ಅಪ್ಪಯ್ಯ ತಲೆ ಅಲ್ಲಾಡಿಸಿದರು.

“ಅಲ್ಲ, ನೀವ್ ಇದ್ನೆಲ್ಲಾ ಮಾಡ್ದದ್ ಎಂತಕೆ?” ಅಬ್ಬಿ ಕೇಳಿದಳು, ಗೊತ್ತಿದ್ದೇ ಕೇಳಿದಳು.

“ಎಂತಕೂ ಇಲ್ಲೆ. ಮಳಿಗಾಲ. ಹೊತ್ತ್ ಹೋಯ್ಕಲ್ದಾ?”

ಅಲ್ಲಿಂದ ಬಾರ್ ಸೋಪು ಬಟ್ಟೆಗಷ್ಟೇ ಉಳಿಯಿತು. ಅಬ್ಬಿ ದಿನಾ ಆ ಸಾಬೂನಿನಲ್ಲಿ ಕೈ ತೊಳೆದು, ಮೇಲೆ ಎಣ್ಣೆ ಸವರಿಕೊಂಡು ಕೂರುತ್ತಿದ್ದಳು. ಬೋಟುಗಳಿಗೆ ರಜೆಯಿದ್ದುದರಿಂದ ಐಸಿನ ಕಾಟವೂ ಇರಲಿಲ್ಲ. ಒಂದೇ ತೊಂದರೆ ಎಂದರೆ ಅಟ್ಟದಲ್ಲಿ ಇದ್ದೂ ಇದ್ದೂ ಸಾಬೂನಿಗೆ ಒಣಮೀನಿನ ವಾಸನೆ ಹತ್ತಿತ್ತು. ಮೀನಿನ ವಾಸನೆ ಕಳೆಯಲು ಮೀನಿನ ವಾಸನೆಯ ಸಾಬೂನು! “ಅಬ್ಬೀ, ನೀ ಈಗ ಕೈ ತೊಳ್ದದಾ, ಮೀನ್ ಮುಟ್ಟದ್ದಾ?” ಎಂದು ಅಕ್ಕ ಕೇಳಿ ಕೇಳಿ ನಗುತ್ತಿದ್ದಳು. ನನಗಂತೂ ಆ ಒಂದು ಸಾಬೂನಿನಿಂದ ಕಾಲೇಜಿನಲ್ಲಿ ವಾರವಿಡೀ ನಡೆಯುವಷ್ಟು ಸರಕು ಸಿಕ್ಕಿತು.

ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬರುವ ದಿನ ನಾನು ತೊಟ್ಟಿಲಿಗೆ ಹಗ್ಗ ಹುಡುಕುತ್ತಾ ಒಳಕೋಣೆಗೆ ಹೋದೆ. ಅಬ್ಬಿ ಬೀರುವಿನ ಬಾಗಿಲು ತೆರೆದು ಒಬ್ಬಳೇ ನಿಂತಿದ್ದಳು. ಅಕ್ಕನ ಹಸಿರು ರೇಷ್ಮೆ ಸೀರೆಯನ್ನು ಮಂಚದ ಮೇಲೆ ಹಾಸಿದ್ದಳು. ಬಲಗೈಯನ್ನು ತಾನುಟ್ಟ ಸೀರೆಗೆ ಒರೆಸಿಕೊಂಡು, ರೇಷ್ಮೆಯನ್ನು ಅದರ ಸೆರಗಿನ ತುದಿಯಿಂದ ಶುರುಮಾಡಿ ಮೆಲ್ಲಗೆ ಸವರುತ್ತಾ ಬಂದಳು. ನಾನು ‘ಚರ್ರ್’ಗೆ ಕಾದೆ. ಬರಲಿಲ್ಲ. ಅಂಗೈ ಜಾರಿತು, ಬೆರಳುಗಳು ಜಾರಿದವು. ಕೊನೆಗೆ ಹೆಬ್ಬೆರಳಿನ ಹತ್ತಿರ ಮಾತ್ರ ಒಂದು ಎಳೆ ಹಿಡಿಯಿತು. ಅಲ್ಲೊಂದು ಹಟಮಾರಿ ಬಿರುಕು ಉಳಿದಿತ್ತು. ಅವಳು ಎಳೆ ಬಿಡಿಸಿಕೊಂಡು ಹೆಬ್ಬೆರಳನ್ನೇ ನೋಡುತ್ತಾ ನಿಂತಳು. ನಾನು ಸದ್ದಿಲ್ಲದೆ ಹಿಂದೆ ಸರಿದೆ.

ಮಾರನೆಯ ದಿನ ಹಂಡೆಯಲ್ಲಿ ನೀರು ಕಾದಿತ್ತು. ಬಾಗಿಯಕ್ಕ ಸೀರೆ ಎತ್ತಿ ಕಟ್ಟಿ, “ಎಲ್ಲಿತ್ತ್ ನಮ್ ರಾಣಿ?” ಎನ್ನುತ್ತಾ ಬಚ್ಚಲಿಗೆ ಬಂದರು. ಮಣೆಯ ಮೇಲೆ ಆಗಲೇ ಅಬ್ಬಿ ಕೂತಿದ್ದಳು, ಕಾಲು ನೀಡಿಕೊಂಡು. ಪಕ್ಕದಲ್ಲಿ ತಾಮ್ರದ ಚೊಂಬು, ಹೆಸರು ಹಿಟ್ಟು. ಸಾಬೂನು ಇರಲಿಲ್ಲ. ಅದರ ಕೆಲಸ ಆಗಿತ್ತು.

“ಬಾಗೀ, ನೀ ನೀರ್ ಹೊಯ್. ಸಾಕ್.”

ಬಾಗಿಯಕ್ಕ ಒಂದು ಕ್ಷಣ ಅಬ್ಬಿಯ ಕೈ ನೋಡಿದರು. ಮುಖ ನೋಡಿದರು. ಚೊಂಬು ಎತ್ತಿಕೊಂಡರು. ಅಬ್ಬಿ ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿದಳು, ಹಿಟ್ಟು ಹಚ್ಚಿದಳು, ಮೀಸಿದಳು. ಅಷ್ಟೂ ಹೊತ್ತು ಬಲಗೈಯ ಹೆಬ್ಬೆರಳನ್ನು ಮಾತ್ರ ಮಗುವಿಗೆ ತಾಗದ ಹಾಗೆ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಮಗು ಸ್ವಲ್ಪ ಅತ್ತು, ಆಮೇಲೆ ಬಿಸಿನೀರಿನ ಸುಖಕ್ಕೆ ಸುಮ್ಮನಾಯಿತು. ಜಗಲಿಯಲ್ಲಿದ್ದ ಅಪ್ಪಯ್ಯ ಬಲೆ ನೇಯುವುದು ಬಿಟ್ಟು ಕಿವಿಗೊಟ್ಟು ಕೂತಿದ್ದರು.

ಅಪ್ಪಯ್ಯ ಈಗಲೂ ಪ್ರತಿ ಮಳೆಗಾಲ ಸಾಬೂನು ಮಾಡುತ್ತಾರೆ. ಮಾಡಿ ಒಣಗಲು ಇಡುತ್ತಾರೆ, ಹೆಡಿಗೆಯಿಂದ ಸ್ವಲ್ಪ ದೂರ. ಮಾರುವುದಿಲ್ಲ. ಕೇಳಿದವರಿಗೆ ಕೊಡುತ್ತಾರೆ, ಕೇಳದವರಿಗೂ ಕೊಡುತ್ತಾರೆ. ಸುಬ್ಬ ಮಾವನ ಮನೆಯಲ್ಲೂ ಬೇರೆ ಸಾಬೂನಿಲ್ಲ. ನನ್ನ ಮುಖದ ಬಣ್ಣ ತೆಗೆಯಲು ಅದಕ್ಕಿಂತ ಒಳ್ಳೆಯದು ಇನ್ನೊಂದು ಸಿಕ್ಕಿಲ್ಲ. ಬಣ್ಣದ ಕೆಳಗಿರುವ ಮುಖದ ಬಗ್ಗೆ ಅದೂ ಏನೂ ಮಾಡಲಾರದು.

ಮಿಮಿಕ್ರಿಯವನೆಂದು ಊರೆಲ್ಲ ಹೇಳಿಕೊಂಡು ತಿರುಗುವ ನನಗೆ ಮನೆಯಲ್ಲೇ ಈಗ ಪ್ರತಿಸ್ಪರ್ಧಿ ಹುಟ್ಟಿದ್ದಾಳೆ. ಅಕ್ಕನ ಮಗಳು ಶಾಲೆಗೆ ರಜೆ ಬಿತ್ತೆಂದರೆ ಕೋಡಿಗೆ ಬರುತ್ತಾಳೆ. ನನ್ನನ್ನು ಅಣಕಿಸುತ್ತಾಳೆ, ಅಪ್ಪಯ್ಯ ಹುಟ್ಟಿನ ತುಂಡಿನಿಂದ ಕಲಕುವುದನ್ನು ಅಣಕಿಸುತ್ತಾಳೆ. ಮೊನ್ನೆ ಬಾವಿಕಟ್ಟೆಯ ಮೇಲೆ ಕಾಲು ನೀಡಿ ಕೂತು, ಪ್ಲಾಸ್ಟಿಕ್ ಗೊಂಬೆಯನ್ನು ಕಾಲ ಮೇಲೆ ಮಲಗಿಸಿ, ಗೆರಟೆ ಸಾಬೂನು ತಿಕ್ಕಿ ಮೀಸುತ್ತಿದ್ದಳು. ಬಲಗೈಯ ಹೆಬ್ಬೆರಳು ಮೇಲಕ್ಕೆ ಎತ್ತಿತ್ತು.

“ಅದೆಂತಕೆ ಬೆರ್ಳ್ ಹಾಂಗ್ ಹಿಡ್ದದ್?” ಎಂದೆ.

ಅವಳು ನನ್ನನ್ನು ಶುದ್ಧ ದಡ್ಡನ ಹಾಗೆ ನೋಡಿದಳು. ಅಬ್ಬಿ ಆಮೇಲೆ ಹುಟ್ಟಿದ ನೆಂಟರಿಷ್ಟರ ಮಕ್ಕಳನ್ನೆಲ್ಲ, ಬಿರುಕು ಎಂದೋ ಮಾಯವಾದ ಮೇಲೂ, ಅದೇ ಅಭ್ಯಾಸದಲ್ಲಿ ಮೀಸುವುದನ್ನು ನೋಡಿ ಬೆಳೆದವಳು ಅವಳು.

“ಮಾವಾ, ನಿಂಗೆಂತದೂ ಗೊತ್ತಿಲ್ಲೆ. ಮಗಿನ ಮೀಸುದ್ ಹೀಂಗೇ.”